ಆ ಹುಡುಗನ ಕೂಡ ನಾಯಿ ಇರಲಿಲ್ಲೇನು?

ಮಕ್ಕಳು ಓದುವ ಪುಸ್ತಕಕ್ಕೆ ಬರುವ ಹುಳವೇ ಬೇರೆ, ಓದದ ಪುಸ್ತಕಕ್ಕೆ ಬರುವ ಹುಳವೇ ಬೇರೆ. ಯಲಬುರ್ಗಾ ತಾಲೂಕಿನ ಒಂದು ಪಂಚಾಯಿತಿ ಗ್ರಂಥಾಲಯದ ಮಕ್ಕಳ ಕಪಾಟನ್ನು ಮಳೆಗಾಲ, ಬೇಸಿಗೆ ಎನ್ನದೆ ನೋಡುತ್ತ ಬಂದ ಮೇಲೆ ಇಷ್ಟನ್ನು ಧೈರ್ಯವಾಗಿ ಬರೆಯಬಹುದು. ಯಾರೂ ಮುಟ್ಟದ ದಪ್ಪ ಸಂಪುಟಗಳ ಸಂದಿಯಲ್ಲಿ ಬೆಳ್ಳಿ ಬಣ್ಣದ, ಬಾಲದ ತುದಿಗೆ ಮೂರು ಎಳೆಗಳಿರುವ ಪುಸ್ತಕದ ಹುಳ ಸಂಸಾರ ಹೂಡಿರುತ್ತದೆ. ಅದಕ್ಕೆ ಬೇಕಾದ್ದು ಕತ್ತಲು, ತುಸು ತಂಪು, ಬೈಂಡಿಂಗಿನ ಅಂಟು. ಅಕ್ಷರದ ಮೇಲೆ ಅದಕ್ಕೆ ಹಗೆಯೇನಿಲ್ಲ. ಕಾಗದದ ಮೈ ಕೆರೆದು ತಿನ್ನುವಾಗ ಅಕ್ಷರವೂ ಹೊಟ್ಟೆಗೆ ಹೋಗುತ್ತದೆ. ದಿನಾ ಕೈಯಾಡುವ ತೆಳು ಪುಸ್ತಕಗಳ ಕಡೆ ಅದು ಸುಳಿಯುವುದಿಲ್ಲ. ಅಲ್ಲಿಗೆ ಬರುವುದು ಸಣ್ಣ ಕೆಂಪಿರುವೆ. ಶಾಲೆ ಬಿಟ್ಟು ನೇರ ಬಂದ ಹುಡುಗರ ಜೇಬಿನಲ್ಲಿ ಹುರಿದ ಶೇಂಗಾ, ಮಂಡಾಳ, ಬೆಲ್ಲದ ಚೂರು ಇರುತ್ತವೆ. ಪುಟದ ಹೊಲಿಗೆಯಲ್ಲಿ ಶೇಂಗಾದ ಕೆಂಪು ಸಿಪ್ಪೆ ಸಿಕ್ಕರೆ, ಆ ಪುಟ ಯಾರನ್ನೋ ಸ್ವಲ್ಪ ಹೊತ್ತು ಹಿಡಿದು ಕೂರಿಸಿದೆ ಎಂದು ನಾನು ತಿಳಿಯುತ್ತೇನೆ.

ಮೂರನೆಯದು ಕುಂಬಾರ ಹುಳ. ಮೃಗಶಿರಾ ಮಳೆ ಬಿದ್ದು ನಳದ ಕೆಳಗೆ ಕೆಸರಾಯಿತೆಂದರೆ ಅದರ ಕೆಲಸ ಶುರು. ನೂಲಿನಷ್ಟು ಸಣ್ಣ ನಡು, ಬಾಯಲ್ಲಿ ಹೆಸರುಕಾಳಿನಷ್ಟು ಮಣ್ಣು. ಕಿಟಕಿಯ ಸರಳಿನ ನಡುವೆ ಒಳಗೆ ಬಂದು, ಕಪಾಟಿನ ಮೂರನೆಯ ಸಾಲಿನಲ್ಲಿ ದೊಡ್ಡ ವಿಶ್ವಕೋಶದ ಬೆನ್ನಿಗೂ ಹಲಗೆಗೂ ನಡುವಿನ ಸಂದಿಗೆ ಹೋಗಿ ಝೀ ಎಂದು ಸದ್ದು ಮಾಡುತ್ತ ಮಣ್ಣು ಮೆತ್ತುತ್ತದೆ. ಒಂದು ಕೋಣೆ ಮುಗಿದ ಮೇಲೆ ಜೇಡ ತರಲು ಹೊರಡುತ್ತದೆ. ತಂದ ಜೇಡಗಳು ಸತ್ತಿರುವುದಿಲ್ಲ, ಕೊಂಡಿಯ ವಿಷಕ್ಕೆ ಮರಗಟ್ಟಿರುತ್ತವೆ. ಅವುಗಳ ಮೇಲೆ ಒಂದು ಮೊಟ್ಟೆ ಇಟ್ಟು ಬಾಗಿಲು ಮುಚ್ಚಿದರೆ ತಾಯಿಯ ಪಾಲಿನ ಕೆಲಸ ಮುಗಿಯಿತು. ಮೊಟ್ಟೆಯೊಡೆದು ಬಂದ ಮರಿಗೆ ಕೆಡದ ಬುತ್ತಿ. ಗ್ರಂಥಾಲಯದ ಮೇಲ್ವಿಚಾರಕಿ ಕಪಾಟು ಒರೆಸುವಾಗ ಒಂದು ಗೂಡು ಕಳಚಿ ಬಿತ್ತು. ಹುಡುಗಿಯರು ಸುತ್ತ ಕೂತು ಕಡ್ಡಿಯಿಂದ ಒಡೆದರು. ಒಳಗಿನ ಜೇಡವೊಂದು ಕಾಲು ಮಿಸುಕಿಸಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದಕ್ಕೆ ಸರಿದು, ಮತ್ತೆ ಮೊದಲಿಗಿಂತ ಹತ್ತಿರ ಬಂದು ಕೂತರು. ಆ ವಿಶ್ವಕೋಶದಲ್ಲಿ ಕೀಟಗಳ ಅಧ್ಯಾಯವೂ ಇದೆ. ತೆರೆದು ನೋಡಿದೆ. ಅಮೆಜಾನ್ ಕಾಡಿನ ಚಿಟ್ಟೆಗಳಿದ್ದವು, ಬಹಳ ಚೆನ್ನಾಗಿ ಅಚ್ಚಾಗಿದ್ದವು.

ಈ ಕಪಾಟುಗಳು ಮಕ್ಕಳಿಗೆ ತೆರೆದದ್ದು ಇತ್ತೀಚೆಗೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ, ಕೊರೊನಾದಿಂದ ಶಾಲೆಗೆ ಬೀಗ ಬಿದ್ದಿದ್ದಾಗ, ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಪುಕ್ಕಟೆಯಾಯಿತು. ರಾಜ್ಯದಲ್ಲಿ ಇಂಥವು 5,500ಕ್ಕೂ ಹೆಚ್ಚಿವೆ. ಅರಿವು ಕೇಂದ್ರ ಎಂಬುದು ಈಗಿನ ಹೆಸರು. ಅದಕ್ಕೆ ಮೊದಲು ಹಳ್ಳಿಯ ಗ್ರಂಥಾಲಯವೆಂದರೆ ಪೇಪರು ಓದುವ ಹಿರಿಯರ ಕಟ್ಟೆ. ಹುಡುಗರು ಒಳಗೆ ಕಾಲಿಟ್ಟರೆ ‘ಹೊರಗ ಆಡ್ರೋ’ ಎಂಬ ಮಾತು ಕೇಳಿಬರುತ್ತಿತ್ತು. ಈಗ ಸಂಜೆ ನಾಲ್ಕೂವರೆಗೆ ಪೇಪರಿನವರೇ ಎದ್ದು ಜಾಗ ಬಿಡಬೇಕು. ಸರ್ಕಾರಿ ಯೋಜನೆಗಳಲ್ಲಿ ನಾನು ಕಣ್ಣಾರೆ ಕಂಡು ಒಪ್ಪಿದ ಕೆಲವೇ ಕೆಲವುಗಳಲ್ಲಿ ಇದೊಂದು.

ಕಪಾಟಿನಲ್ಲಿ ಇರುವುದು ಎಲ್ಲ ಕಡೆ ಇರುವಂಥದೇ. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ವಿಜ್ಞಾನ ಪುಸ್ತಕಗಳು, ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು, ಮೂಲೆಯಲ್ಲಿ ಯಾರದೋ ಮನೆಯಿಂದ ಬಂದ ಭಾರತ-ಭಾರತಿಯ ಅಂಗೈ ಅಗಲದ ಪುಸ್ತಕಗಳು, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಬಿಡಿ ಸಂಚಿಕೆಗಳು. ಕತೆಯ ಪುಸ್ತಕ ಒಂದು ಹಲಗೆ, ಮಾಹಿತಿ ಪುಸ್ತಕ ಇನ್ನೊಂದು ಹಲಗೆ ಎಂದು ಚೀಟಿ ಅಂಟಿಸಿದ್ದಾರೆ. ಮಕ್ಕಳು ಆ ಚೀಟಿಗೆ ಬೆಲೆ ಕೊಡುವುದಿಲ್ಲ. ವಾರ ಕಳೆಯುವುದರೊಳಗೆ ಕತೆಯೂ ಮಾಹಿತಿಯೂ ಒಂದೇ ಹಲಗೆಯಲ್ಲಿ ಮಲಗಿರುತ್ತವೆ.

ಇಲ್ಲಿಯೇ, ಐದನೆಯ ಇಯತ್ತೆಯ ಒಬ್ಬ ಹುಡುಗಿ ನನ್ನ ಕೊರಳಿನ ದುರ್ಬೀನು ನೋಡಿ ಕೇಳಿದ್ದು: “ಇದನ್ನ ತಗೊಂಡು ಇಲ್ಲಿಗ್ಯಾಕ ಬಂದೀರಿ ಸರ? ನಮ್ಮೂರಾಗ ನಿಸರ್ಗ ಇಲ್ರಿ.”

ಸುಮ್ಮನೆ ಆಡಿದ ಮಾತಲ್ಲ. ಅವಳ ಪುಸ್ತಕಗಳನ್ನೇ ತೆರೆದು ನೋಡಿದರೆ ಅವಳು ಹೇಳಿದ್ದು ಸರಿ. ನಿಸರ್ಗ ಎಂಬ ಪಾಠದಲ್ಲಿ ಹಸಿರು ಬೆಟ್ಟ, ಜಲಪಾತ, ಆನೆ, ಹುಲಿ, ಕಾಡಿನ ನಡುವೆ ಹೆಂಚಿನ ಮನೆ. ಕನ್ನಡದ ಮಕ್ಕಳ ಪುಸ್ತಕಗಳಲ್ಲಿ ಮಳೆ ಎಂದರೆ ಮಲೆನಾಡಿನ ಜಡಿಮಳೆ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ: ನಿಸರ್ಗದ ಬಗ್ಗೆ ಮಕ್ಕಳಿಗೆ ಸೊಗಸಾಗಿ ಬರೆದವರಲ್ಲಿ ಬಹುಪಾಲು ಜನ ಆ ಮಳೆಯಲ್ಲೇ ನೆನೆದು ಬೆಳೆದವರು. ಪಂಜೆ ಮಂಗೇಶರಾಯರು ಕರಾವಳಿಯವರು, ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ಬರೆದವರು, ಕುವೆಂಪು ಮತ್ತು ತೇಜಸ್ವಿ ಮಲೆನಾಡಿನವರು. ಈಚೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ ಪಡೆದ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಬರೆದ ಕೈಗಳೂ ಘಟ್ಟದ, ಕರಾವಳಿಯ ಕಡೆಯವು. ಅವರು ತಮ್ಮ ಹಿತ್ತಿಲನ್ನು ಬರೆದರು, ಚೆನ್ನಾಗಿಯೇ ಬರೆದರು. ನಮ್ಮ ಹಿತ್ತಿಲನ್ನು ಅವರು ಬರೆಯಲಿಲ್ಲ ಎಂದು ದೂರುವುದು ಮೂರ್ಖತನ.

ಆದರೆ ಕುಷ್ಟಗಿ, ಯಲಬುರ್ಗಾದ ಬಯಲಿಗೆ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಒಂದು ಕಡೆ ಎರೆ, ಒಂದು ಕಡೆ ಮಸಾರಿ. ಸಜ್ಜೆ, ಹೆಸರು, ಶೇಂಗಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ನೋಡುವ ಕಣ್ಣಿಗೆ ಏನೂ ಇಲ್ಲದ ಜಾಗ. ಈ ‘ಏನೂ ಇಲ್ಲದ’ ಕಡಲೆ ಹೊಲದಲ್ಲಿ ಬೆಳಗ್ಗೆ ಚಿಗರಿಯ ಹಿಂಡು ನಿಂತಿರುತ್ತದೆ. ಗಂಡಿನ ಕಪ್ಪು ಬೆನ್ನು ಎರೆಮಣ್ಣಿನಲ್ಲಿ ಕರಗಿ, ಹೊಟ್ಟೆಯ ಬಿಳಿ ಮಾತ್ರ ದೂರಕ್ಕೆ ಕಾಣುತ್ತದೆ. ರೈತರು ಅದನ್ನು ಬೈಯದ ದಿನವಿಲ್ಲ. ಬದುವಿನ ಕೆಳಗೆ ಗೌಜಲಕ್ಕಿ ಕೂಗುತ್ತದೆ. ಚಳಿಗಾಲಕ್ಕೆ ದೂರದೇಶದ ಸೆಳೆವಗಳು ಬಂದು ಹುಲ್ಲಿನ ಮೇಲೆ ತೀರ ಕೆಳಮಟ್ಟದಲ್ಲಿ ತೇಲುತ್ತವೆ. ಗಂಗಾವತಿಯ ದಕ್ಷಿಣಕ್ಕೆ ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಅವುಗಳಿಗಾಗಿಯೇ 2015ರಲ್ಲಿ ಹೊಳೆಯ 34 ಕಿಲೋಮೀಟರ್ ಉದ್ದವನ್ನು ಸಂರಕ್ಷಿತವೆಂದು ಸಾರಿದರು. ನಿಸರ್ಗ ಇಲ್ಲ ಎಂದ ಹುಡುಗಿ ಇದರಲ್ಲಿ ಅರ್ಧವನ್ನು ದಿನಾ ನೋಡುತ್ತಾಳೆ. ಅಚ್ಚಾಗಿ ಬಂದಿಲ್ಲವಾದ್ದರಿಂದ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೆ.

ಅವಳು ಎರಡು ಸಲ ಒಯ್ದು ಓದಿದ್ದ ಪುಸ್ತಕದಲ್ಲಿ ಗೀಜಗನ ಕತೆ ಇತ್ತು. ಗೀಜಗ ಹಸಿ ಮಣ್ಣಿನ ಉಂಡೆ ತಂದು ಗೂಡಿನ ಒಳಗೋಡೆಗೆ ಅಂಟಿಸಿ, ಅದರಲ್ಲಿ ಮಿಂಚುಹುಳ ಸಿಕ್ಕಿಸಿ ರಾತ್ರಿ ದೀಪ ಮಾಡಿಕೊಳ್ಳುತ್ತದೆ ಎಂಬ ಕತೆ. ನಮ್ಮ ದೇಶದ ಉದ್ದಗಲಕ್ಕೂ ಹೇಳುವ ಮಾತಿದು. ಊರ ಹೊರಗಿನ ಪಾಳುಬಾವಿಯ ಮೇಲೆ ಬಾಗಿದ ಜಾಲಿಗಿಡದಲ್ಲಿ ಗೂಡುಗಳಿದ್ದವು. ಶಾಲೆಗೆ ರಜೆ ಇದ್ದ ಒಂದು ದಿನ ಆರೆಂಟು ಮಕ್ಕಳು, ನಾನು, ಆ ಪುಸ್ತಕ ಹೋದೆವು.

ನನ್ನ ಟಿಪ್ಪಣಿ ಪುಸ್ತಕದಿಂದ: ಆಶ್ಲೇಷ ಮಳೆ. ಮೋಡ, ಗಾಳಿ ಪಡುವಣದಿಂದ. ಗೂಡೆಲ್ಲ ಗಿಡದ ಮೂಡಣ ಮಗ್ಗುಲಿಗೆ. ಗಾಳಿಗೆ ಬೆನ್ನು ಕೊಟ್ಟಂತೆ. ಪೂರ್ತಿಯಾದವು ಕಮ್ಮಿ, ಟೋಪಿಯ ಆಕಾರಕ್ಕೆ ನಿಂತವು ಹೆಚ್ಚು. ಗಂಡುಗಳ ನೆತ್ತಿ ಅರಿಶಿನ. ಪಕ್ಕದ ಸಜ್ಜೆ ಹೊಲಕ್ಕೆ ಹೋಗಿ ಬರುತ್ತಿವೆ.

ಸಜ್ಜೆಯ ಗರಿಯ ಮೇಲೆ ಗೀಜಗ ಕೂತು ಅಂಚಿಗೊಂದು ಕಚ್ಚು ಹಾಕುತ್ತದೆ. ಆ ತುದಿಯನ್ನು ಕೊಕ್ಕಿನಲ್ಲಿ ಹಿಡಿದು ಹಾರುತ್ತದೆ. ಹಾರುವ ಎಳೆತಕ್ಕೇ ಗರಿಯ ಅಂಚು ಉದ್ದಕ್ಕೆ ಸೀಳಿಕೊಂಡು ಬರುತ್ತದೆ; ಹಕ್ಕಿ ಹಸಿರು ಬಾಲ ಕಟ್ಟಿಕೊಂಡಂತೆ ಗಿಡಕ್ಕೆ ಮರಳುತ್ತದೆ. ಮಕ್ಕಳು ಇದನ್ನು ದಿನಾ ನೋಡುವವರು, ಆದರೆ ಸೀಳುವ ಆ ಗಳಿಗೆಯನ್ನು ದುರ್ಬೀನಿನಲ್ಲಿ ಕಂಡಾಗ ಪಾಳಿ ಹಿಡಿದು ಜಗಳಾಡಿದರು. ಟೋಪಿಯಷ್ಟಾದ ಗೂಡಿಗೆ ಹೆಣ್ಣು ಬಂದು ಒಳಹೊಕ್ಕು ಎಳೆ ಜಗ್ಗಿ ನೋಡುತ್ತದೆ. ಒಪ್ಪಿದರೆ ಗಂಡು ಕೊಳವೆ ಇಳಿಸಿ ಗೂಡು ಮುಗಿಸುತ್ತದೆ, ಆಮೇಲೆ ಬೇರೊಂದು ಗೂಡಿಗೆ, ಬೇರೊಂದು ಹೆಣ್ಣಿಗೆ ಕೈ ಹಾಕುತ್ತದೆ. ಒಪ್ಪದಿದ್ದರೆ ಆ ಟೋಪಿ ಹಾಗೇ ಒಣಗುತ್ತದೆ. ಸಲೀಂ ಅಲಿ 1930ರಲ್ಲಿ ಮುಂಬೈ ಸಮೀಪದ ಕೀಹಿಮ್‌ನಲ್ಲಿ ತಿಂಗಳುಗಟ್ಟಲೆ ಕೂತು ಇದನ್ನು ಬಿಡಿಸಿ ಹೇಳುವ ತನಕ ಅರೆಗೂಡುಗಳು ಏಕೆ ಎಂಬುದಕ್ಕೆ ಹಕ್ಕಿಶಾಸ್ತ್ರದವರೂ ಕತೆಗಳನ್ನೇ ಹೇಳುತ್ತಿದ್ದರು.

ಕೆಳಗೆ ಬಿದ್ದಿದ್ದ ಒಂದು ಅರೆಗೂಡನ್ನು ಎತ್ತಿ ನೋಡಿದೆವು. ಮಣ್ಣಿನ ಉಂಡೆ ಇತ್ತು! ಹೆಬ್ಬೆರಳಿನ ಅಚ್ಚು ಮೂಡುವಷ್ಟು ನುಣ್ಣಗೆ, ಎರೆಮಣ್ಣು. ಮಿಂಚುಹುಳ ಇರಲಿಲ್ಲ. ಗಾಳಿಗೆ ಗೂಡು ಹುಚ್ಚಾಪಟ್ಟೆ ತೂಗಾಡದಿರಲೆಂದು ಭಾರಕ್ಕೆ ಮಣ್ಣು ಮೆತ್ತುತ್ತದೆ ಎಂದು ಕೆಲವರ ಅಂದಾಜು, ಅಂದೆ. ಮಾಹಿತಿ ಪುಸ್ತಕವಾದರೆ ಅಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ಆ ಹುಡುಗಿ ಒಪ್ಪಲಿಲ್ಲ. “ಇದು ಬ್ಯಾಡಾಗಿ ಬಿಟ್ಟ ಗೂಡು. ಮಂದಿ ಇಲ್ಲದ ಮನಿಗೆ ಯಾರು ದೀಪ ಹಚ್ತಾರ್ರಿ? ಮತ್ತ ಹಗಲಾಗ ಮಿಂಚುಹುಳ ಹೆಂಗ ಕಾಣಸ್ತಾವು? ರಾತ್ರಿ ನೋಡಬೇಕು.”

ತರ್ಕದಲ್ಲಿ ತಪ್ಪಿಲ್ಲ. ಅವಳು ಅಜ್ಜನನ್ನು ಕರೆದುಕೊಂಡು ಹೋಗಿ ನೋಡಿ ಬಂದಳು. ಮುಂದಿನ ಸಲ ನಾನು ಹೋದಾಗ ವರದಿ ಸಿದ್ಧವಿತ್ತು: ಯಾವ ಗೂಡಿನಲ್ಲೂ ಬೆಳಕಿಲ್ಲ, ಗಂಡುಹಕ್ಕಿ ಒಂದೂ ಇಲ್ಲ, ಬಾವಿಯ ಒಳಗೆ ಗೂಬೆ ಇದೆ, ಅಜ್ಜನ ಕಾಲಿಗೆ ಮುಳ್ಳು ಚುಚ್ಚಿತು. ಪುಸ್ತಕ ಸುಳ್ಳು ಎಂದು ಅವಳು ಹೇಳಲಿಲ್ಲ. “ಆ ಕತಿ ಬರದವರು ಗೂಡು ದೂರದಿಂದ ನೋಡ್ಯಾರ” ಎಂದಳು. ಕನ್ನಡದ ಮಕ್ಕಳ ಸಾಹಿತ್ಯದ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಇಷ್ಟು ಚುಟುಕಾಗಿ, ಇಷ್ಟು ನ್ಯಾಯವಾಗಿ ಹೇಳಿದ್ದು ಕಡಿಮೆ.

ಕತೆ ಮಾಹಿತಿಯಾಗಿ ಮೈಮೇಲೆ ಬರುವ ಅಪಾಯವೂ ಉಂಟು, ಮರೆಯಬಾರದು. ಇಬ್ಬರು ಗೆಳೆಯರು, ಒಂದು ಕರಡಿ: ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಬಿದ್ದ, ಕರಡಿ ಮೂಸಿ ಹೋಯಿತು. ಗೆಳೆತನದ ಬಗ್ಗೆ ಅದು ಹೇಳುವುದೇನೋ ಸರಿಯೇ. ಆದರೆ ಗಂಗಾವತಿ, ಕೊಪ್ಪಳದ ಕಲ್ಲುಗುಡ್ಡಗಳಲ್ಲಿ ನಿಜವಾದ ಕರಡಿಗಳಿವೆ, ಹೊಳೆಯಾಚೆ ದರೋಜಿಯಲ್ಲಿ ಅವುಗಳಿಗೆಂದೇ ಧಾಮವಿದೆ. ನಮ್ಮ ಕರಡಿಗೆ ಕಣ್ಣು ಮಂದ. ಗೆದ್ದಲಿನ ಹುತ್ತದಲ್ಲಿ ಮೂತಿ ಇಟ್ಟು ಹೀರುವಾಗ ಕಿವಿಯೂ ಕೇಳಿಸದು. ಹತ್ತಿರ ಹೋದ ಮನುಷ್ಯನನ್ನು ಕಂಡು ಗಾಬರಿಯಿಂದ ಎರಗುತ್ತದೆ. ಬೆಳಗಿನ ಜಾವ ಹೊಲಕ್ಕೆ ಹೋಗುವ ಊರುಗಳ ಮಕ್ಕಳಿಗೆ, ಕರಡಿ ಮೂಸಿ ನೋಡಿ ಬಿಟ್ಟುಹೋಗುತ್ತದೆ ಎಂಬುದನ್ನಷ್ಟೇ ಕಲಿಸಿ ಸುಮ್ಮನಿದ್ದರೆ ಆಗದು. ಕತೆಯ ಪಕ್ಕದಲ್ಲೇ ಇನ್ನೊಂದು ಪುಸ್ತಕ ಬೇಕು: ಸದ್ದು ಮಾಡುತ್ತ ನಡೆ, ಒಬ್ಬನೇ ಹೋಗಬೇಡ, ಹುತ್ತ ಕೆದರಿದ್ದು ಕಂಡರೆ ದಾರಿ ಬದಲಿಸು ಎಂದು ಹೇಳುವಂಥದು. ಅಂಥದೊಂದು ಈ ಕಪಾಟಿನಲ್ಲಿ ಇಲ್ಲ.

ಇನ್ನು ತೋಳ.

ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡು, ಸುಮಾರು 332 ಹೆಕ್ಟೇರ್, ಈಗ ತೋಳಗಳ ಧಾಮ. ಭಾರತದಲ್ಲಿ ತೋಳಕ್ಕೆಂದು ಇದಕ್ಕೆ ಮೊದಲು ಇದ್ದದ್ದು ಜಾರ್ಖಂಡಿನ ಮಹುವಾಡಾಂಡ್ ಒಂದೇ, 1976ರದು. 332 ಹೆಕ್ಟೇರ್ ಎಂದರೆ ತೋಳಕ್ಕೆ ಅಂಗಳವಿದ್ದಂತೆ. ಒಂದೇ ರಾತ್ರಿಯಲ್ಲಿ ದಾಟಿ ಹತ್ತಾರು ಕಿಲೋಮೀಟರ್ ಹೊಲಗಳಲ್ಲಿ ತಿರುಗಿ ಬರುತ್ತದೆ. ಮರಿ ಹಾಕುವುದಕ್ಕೆ ಬೇಕಾದ ಕಲ್ಲುಗವಿಗಳು ಅಲ್ಲಿವೆ ಎಂಬುದೇ ಆ ಜಾಗದ ಬೆಲೆ. ಉಳಿದ ಬಾಳೆಲ್ಲ ಅದಕ್ಕೆ ಕುರುಬರ ಹಟ್ಟಿಯ ಸುತ್ತಮುತ್ತ.

ತೋಳ ನೋಡುವುದೆಂದರೆ ಬಹುಮಟ್ಟಿಗೆ ತೋಳ ಇಲ್ಲದ್ದನ್ನು ನೋಡುವುದು. ಬಂಡೆಯ ಮೇಲೆ ಕಂಬಳಿ ಹೊದ್ದು ಕೂತು ಎಷ್ಟೋ ಬೆಳಗುಗಳು ಬರೀ ಮೊಲ, ಬೆಳವ, ಕೆಂಬೂತ ಬರೆದುಕೊಂಡು ಎದ್ದುಬಂದಿದ್ದೇನೆ. ಕಂಡ ಒಂದು ಸಲದ ಟಿಪ್ಪಣಿ ಇಷ್ಟು: ಮಾಘ ಮಾಸ. ಜೋಳ ಕೊಯ್ದ ಹೊಲ, ಕೂಳೆ ನಿಂತಿವೆ. ಸೂರ್ಯ ಇನ್ನೂ ಗುಡ್ಡದ ಹಿಂದೆ. ಬದುವಿನ ಗುಂಟ ಒಂದು ತೋಳ, ತಲೆ ಬೆನ್ನಿನ ಮಟ್ಟಕ್ಕೆ ಇಳಿಸಿ, ನಡಿಗೆಯಲ್ಲ ಓಟವೂ ಅಲ್ಲ. ಮೈಬಣ್ಣ ಒಣಹುಲ್ಲಿನದು. ಹಟ್ಟಿ ದೂರದಲ್ಲಿ. ಹಟ್ಟಿಯ ನಾಯಿಗಳು ಎದ್ದು ನಿಂತವು, ಬೊಗಳಲಿಲ್ಲ. ತೋಳ ಕೂತಿತು. ನಾಯಿಯೂ ತೋಳವೂ ಒಂದನ್ನೊಂದು ನೋಡುತ್ತ ಬಹಳ ಹೊತ್ತು. ಕುರಿಗಳು ಮೆಲುಕು ಹಾಕುತ್ತಿದ್ದವು. ಆಮೇಲೆ ತೋಳ ಎದ್ದು ಬಂದ ದಾರಿಯಲ್ಲದ ದಾರಿಯಲ್ಲಿ ಹೋಯಿತು. ಕುರಿಗಾರ ಏಳಲೇ ಇಲ್ಲ.

ಇದೇ ಪ್ರಾಣಿ ಪುಸ್ತಕದೊಳಗೆ ಬರುವ ಹೊತ್ತಿಗೆ ಬೇರೆಯದೇ ವೇಷ. ಫ್ರಾನ್ಸಿನ ಪೆರೋ 1697ರಲ್ಲಿ, ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಅಚ್ಚು ಹಾಕಿಸಿದ ಕೆಂಪು ಟೋಪಿಯ ಹುಡುಗಿಯ ಕತೆಯಲ್ಲಿ ತೋಳ ಅಜ್ಜಿಯನ್ನು ನುಂಗುತ್ತದೆ. ಕಿಪ್ಲಿಂಗ್ ಅಮೆರಿಕದ ವರ್ಮಾಂಟ್‌ನ ಹಿಮದಲ್ಲಿ ಕೂತು ಮಧ್ಯಪ್ರದೇಶದ ಕಾಡಿನ ತೋಳಗಳನ್ನು ನ್ಯಾಯವಂತ ಪಂಚಾಯಿತಿಯಾಗಿ ಮಾಡಿದ. ಆ ಪುಸ್ತಕ 1894ರದು. ನಮ್ಮ ಶಾಲೆಗಳಿಗೆ ಬಂದು ಗಟ್ಟಿಯಾಗಿ ನೆಲೆ ನಿಂತದ್ದು ಮಾತ್ರ ಈಸೋಪನ ‘ತೋಳ ಬಂತು ತೋಳ’. ಕುಷ್ಟಗಿ ತಾಲೂಕಿನ ಇನ್ನೊಂದು ಅರಿವು ಕೇಂದ್ರದಲ್ಲಿ ಶನಿವಾರದ ಗಟ್ಟಿ ಓದಿಗೆ ಮೇಲ್ವಿಚಾರಕರು ಅದನ್ನೇ ಆರಿಸಿದ್ದರು. ಕತೆ ಎಲ್ಲರಿಗೂ ಗೊತ್ತು, ಆದರೂ ಕೇಳಿದರು. ಮುಗಿದ ಮೇಲೆ ‘ಇದರಿಂದ ಏನು ತಿಳಿಯಿತು’ ಎಂಬ ಮಾಮೂಲು ಪ್ರಶ್ನೆ ಬಂತು. ಸುಳ್ಳು ಹೇಳಬಾರದು ಎಂದು ಮೂರ್ನಾಲ್ಕು ದನಿ. ಹಿಂದೆ ಕೂತಿದ್ದ ಕುರುಬರ ಹುಡುಗ, ಆರನೆಯ ಇಯತ್ತೆ, ಎದ್ದು ನಿಂತ.

“ಆ ಹುಡುಗನ ಕೂಡ ನಾಯಿ ಇರಲಿಲ್ಲೇನ್ರಿ ಸರ?”

ನಾನು ಅಷ್ಟು ವರ್ಷದಿಂದ ಕೇಳಿದ, ಹೇಳಿದ ಕತೆ. ನಾಯಿಯ ಮಾತು ಹೊಳೆದಿರಲಿಲ್ಲ. ಮೇಲ್ವಿಚಾರಕರು ಪುಸ್ತಕ ತಿರುವಿ ನೋಡಿದರು. ಚಿತ್ರದಲ್ಲೂ ನಾಯಿ ಇಲ್ಲ. “ನಾಯಿ ಇಲ್ಲದ ಕುರಿ ಮಂದಿಗೆ ಸಣ್ಣ ಹುಡುಗನ್ನ ಒಬ್ಬನ್ನ ಯಾರು ಕಳಸ್ತಾರ್ರಿ? ಅವರ ಅಪ್ಪಂದ ತಪ್ಪು” ಎಂದ. ನಗೆ ಎದ್ದಿತು. ಅವನು ನಗಲಿಲ್ಲ. ತೋಳ ಬಂದರೆ ಮೊದಲು ತಿಳಿಯುವುದು ನಾಯಿಗೆ, ಆಮೇಲೆ ಕುರಿಗೆ, ಕೊನೆಗೆ ಮನುಷ್ಯನಿಗೆ. ಕೂಗಿ ಮಂದಿ ಕರೆಯುವಷ್ಟು ಹೊತ್ತು ತೋಳ ನಿಲ್ಲುವುದಿಲ್ಲ. ಒಂದು ತೋಳ ನಾಯಿಗಳನ್ನು ಆಚೆ ಎಳೆದೊಯ್ದರೆ ಇನ್ನೊಂದು ಈಚೆಯಿಂದ ಬರುತ್ತದೆ ಎಂದು ಅವನ ಕಾಕಾ ಹೇಳುತ್ತಾನೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೂತ.

ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ಅಂದಳು: “ನಾಯಿ ಇದ್ದಿದ್ರ ಕತಿನ ಆಗ್ತಿರ್ಲಿಲ್ಲ.”

“ನಾಯಿ ಇದ್ರೂ ಕತಿ ಆಕೈತಿ. ಬ್ಯಾರೆ ಕತಿ ಆಕೈತಿ.”

ಆ ಬೇರೆ ಕತೆಯನ್ನು ಯಾರು ಬರೆದಿದ್ದಾರೆ? ಕುರಿ, ನಾಯಿ, ತೋಳ ಮೂರನ್ನೂ ಬಲ್ಲವರ ಕೈಗೆ ಲೇಖನಿ ಬಂದದ್ದು ಈಚೆಗೆ. ಈ ಸೀಮೆ 1948ರ ತನಕ ನಿಜಾಮರದು. ಮೇಲಿನ ಓದು ಉರ್ದುವಿನಲ್ಲಿ ನಡೆಯುತ್ತಿತ್ತು. ಅಂಥ ಕಾಲದಲ್ಲಿ ಆಗಿನ ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ದೊಡ್ಡ ಅಧಿಕಾರಿಯಾಗಿಯೂ ‘ತುಪ್ಪಾರೊಟ್ಟಿ ಗೇಗೇಗೇ’ಯಂಥ ಮಕ್ಕಳ ಪದ್ಯಗಳನ್ನು ಬರೆದದ್ದು ಸಣ್ಣ ಸಂಗತಿಯಲ್ಲ. ಇನ್ನೂ ಹಿಂದಕ್ಕೆ ಹೋದರೆ, ಯಲಬುರ್ಗಾದ ಪಕ್ಕದ ರೋಣ ಸೀಮೆಯ ಸವಡಿಯವನೆಂದು ಹೇಳುವ ದುರ್ಗಸಿಂಹ, 1031ರ ಸುಮಾರಿಗೆ, ಮಾತಾಡುವ ಪ್ರಾಣಿಗಳ ಪಂಚತಂತ್ರವನ್ನು ಕನ್ನಡಕ್ಕೆ ತಂದ. ದಡ್ಡ ರಾಜಕುಮಾರರಿಗೆ ಬುದ್ಧಿ ಕಲಿಸಲು ಹೇಳಿದ ಕತೆಗಳವು; ಅಲ್ಲಿಯ ನರಿ, ಎತ್ತು, ಸಿಂಹ ಎಲ್ಲವೂ ಆಸ್ಥಾನದ ಮಂದಿ. ಸಾವಿರ ವರ್ಷವಾದರೂ ನಮ್ಮ ಮಕ್ಕಳ ಪುಸ್ತಕದ ಪ್ರಾಣಿ ಇನ್ನೂ ಆ ಆಸ್ಥಾನದಿಂದ ಪೂರ್ತಿ ಹೊರಬಂದಿಲ್ಲ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ನರಿ ಕಂಡರೆ ಮೋಸ, ಕತ್ತೆ ಕಂಡರೆ ದಡ್ಡತನ ಎಂದು ಬರೆಯುವವರು ನರಿಯನ್ನೂ ಕತ್ತೆಯನ್ನೂ ಅರ್ಧ ಗಂಟೆ ಕೂತು ನೋಡಿದವರಲ್ಲ.

ಹಾಗೆಂದು ಪ್ರಾಣಿ ಮಾತಾಡಬಾರದು ಎಂಬ ಹಟ ನನಗಿಲ್ಲ. ಇಂಗ್ಲೆಂಡಿನ ಹೆನ್ರಿ ವಿಲಿಯಂಸನ್ 1927ರಲ್ಲಿ ‘ಟಾರ್ಕಾ ದಿ ಆಟರ್’ ಎಂಬ ನೀರುನಾಯಿಯ ಕಾದಂಬರಿ ಬರೆದ. ಹೊಳೆಯ ದಂಡೆಯಲ್ಲಿ ಅಲೆದು, ತಿದ್ದಿ ತಿದ್ದಿ ಬರೆದದ್ದು. ಕಲ್ಪನೆಯೇ ಹೌದು, ಆದರೆ ಆ ಪುಸ್ತಕ ಹಿಡಿದು ಹೊಳೆಗೆ ಹೋದರೆ ನಾಚಿಕೆಪಡಬೇಕಿಲ್ಲ. ತುಂಗಭದ್ರೆಯ ದಂಡೆಯಲ್ಲಿ ಬಂಡೆಯ ಮೇಲೆ ನೀರುನಾಯಿ ಬಿಟ್ಟುಹೋದ ಹಿಕ್ಕೆಯಲ್ಲಿ ಮೀನಿನ ಪೊರೆ ಅಭ್ರಕದಂತೆ ಹೊಳೆಯುತ್ತದೆ. ಬಲೆ ಹರಿದುಕೊಂಡ ಅಂಬಿಗರು ಅದಕ್ಕೆ ಹಾಕುವ ಶಾಪವನ್ನೂ ಸೇರಿಸಿ ಕನ್ನಡದಲ್ಲಿ ಒಬ್ಬರು ಮಕ್ಕಳಿಗೆ ಬರೆಯಬೇಕು.

ಮಾಹಿತಿ ಪುಸ್ತಕದ ಕತೆಯೂ ಹೇಳಬೇಕು. ಕಾರಂತರ ‘ಬಾಲ ಪ್ರಪಂಚ’ 1936ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಇಡೀ ಜಗತ್ತನ್ನು ಒಬ್ಬನೇ ಮನುಷ್ಯ ಮಕ್ಕಳಿಗೆ ವಿವರಿಸಲು ಹೊರಟ ಆ ಧೈರ್ಯಕ್ಕೆ ಇವತ್ತಿಗೂ ಎಣೆಯಿಲ್ಲ. ಆಮೇಲೆ ಬಂದ ಎಷ್ಟೋ ಮಾಹಿತಿ ಪುಸ್ತಕಗಳು ಅವರ ಹರವನ್ನು ಅನುಕರಿಸಿದವು. ಕುತೂಹಲವನ್ನು ಅಷ್ಟಾಗಿ ಅನುಕರಿಸಲಿಲ್ಲ. ತೂಕ ಇಷ್ಟು, ಉದ್ದ ಇಷ್ಟು, ಆಹಾರ ಇದು ಎಂದು ಪಟ್ಟಿ ಕೊಟ್ಟು ಕೈ ತೊಳೆದುಕೊಂಡವು. ತೇಜಸ್ವಿಯವರ ‘ಪರಿಸರದ ಕತೆ’ ಮಕ್ಕಳ ಪುಸ್ತಕವೆಂದು ಅಚ್ಚಾದದ್ದಲ್ಲ, ಆದರೆ ಎಂಟನೆಯ ಇಯತ್ತೆಯ ಹುಡುಗರು ಸರದಿ ಹಚ್ಚಿ ಒಯ್ಯುತ್ತಾರೆ. ರಟ್ಟು ಕಿತ್ತು, ಅಂಟಿಸಿ, ಮತ್ತೆ ಕಿತ್ತಿದೆ. ಅದರಲ್ಲಿ ನಾಯಿ ಇದೆ, ಕೆಸರಿದೆ, ಬರೆದವನು ಮಕ್ಕಳ ಕೆನ್ನೆ ಹಿಂಡುವುದಿಲ್ಲ. ಇಷ್ಟೇ ಸಾಕಾಗುತ್ತದೆ.

ಆದರೂ ಆ ಒಣ ಅಂಕಿಯ ಪಟ್ಟಿಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ, ಅದಕ್ಕೆ ಕಾರಣ ಆ ಕುರುಬರ ಹುಡುಗನೇ. ಗಟ್ಟಿ ಓದು ಮುಗಿದ ಮೇಲೆ ಅವನ ಕೈಗೆ ಪ್ರಾಣಿಗಳ ಮಾಹಿತಿ ಪುಸ್ತಕವೊಂದನ್ನು ಕೊಟ್ಟೆ. ತೋಳದ ಪುಟದಲ್ಲಿ ಚಿತ್ರ ಹಿಮದ ನಾಡಿನ ದಪ್ಪ ತುಪ್ಪಳದ್ದು. ಅದನ್ನು ಅವನು ಒಪ್ಪಲಿಲ್ಲ, “ಇದಕ್ಕ ನಮ್ಮ ಬಿಸಲಾಗ ಜ್ವರ ಬರ್ತೈತಿ” ಎಂದ. ಕೆಳಗೆ ಭಾರತದ ತೋಳದ ತೂಕ 20 ಕೆಜಿ ಆಸುಪಾಸು ಎಂದಿತ್ತು. ಬೆರಳಿಟ್ಟು ಎರಡು ಸಲ ಓದಿದ. “ನಮ್ಮ ಟಗರು ಇದಕ್ಕಿಂತ ಭಾರ ಐತ್ರಿ.” ಅವರ ಮನೆಯವು ಕೆಂಗುರಿ, ಬೆಳೆದ ಟಗರು 30 ಕೆಜಿ ದಾಟುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಅದಕ್ಕ ಅದು ಮರಿ ಒಯ್ತೈತಿ. ಟಗರು ಹೊತ್ತು ಓಡೂದು ಅದಕ್ಕ ಆಗೂದಿಲ್ಲ.” ಹಟ್ಟಿಯಲ್ಲಿ ಮರಿಗಳನ್ನು ಏಕೆ ಬಲೆಯ ನಡುವೆ ಕೂಡುತ್ತಾರೆ, ಟಗರುಗಳು ಏಕೆ ಅಂಚಿಗೆ ಮಲಗುತ್ತವೆ ಎಂಬುದಕ್ಕೆ ಅವನು ಒಂದು ಅಂಕಿಯಿಂದ ಕಾರಣ ಕಟ್ಟಿಕೊಂಡ. ಪುಸ್ತಕ ಬರೆದವರಿಗೆ ಈ ಟಗರಿನ ಸುದ್ದಿ ಗೊತ್ತಿರಲಿಕ್ಕಿಲ್ಲ.

ಈಗ ಯಲಬುರ್ಗಾದ ಕೇಂದ್ರದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ಕಪಾಟಿಗೆ ತೂಗುಹಾಕಿದ್ದಾರೆ. ಮೇಲ್ವಿಚಾರಕಿಯ ಯೋಚನೆ, ನನ್ನದಲ್ಲ. ಯಾರು ಏನು ಕಂಡರೂ ಬರೆಯಬಹುದು. ಹೆಸರು ಹಾಕಬೇಕು, ಎಲ್ಲಿ ಕಂಡದ್ದು ಎಂದು ಬರೆಯಬೇಕು, ಅಷ್ಟೇ ಕಾನೂನು. ಕತೆಯೋ ಮಾಹಿತಿಯೋ ಎಂಬ ಕಾಲಮ್ಮು ಇಟ್ಟಿಲ್ಲ. ಗೀಜಗನ ಹುಡುಗಿಯ ರಾತ್ರಿ ವರದಿ ಅದರಲ್ಲಿದೆ, ಅಜ್ಜನ ಕಾಲಿನ ಮುಳ್ಳಿನ ಚಿತ್ರವೂ ಇದೆ. ಚಿಗರಿ ತಮ್ಮ ಕಡಲೆ ಹೊಲದಲ್ಲಿ ಎಷ್ಟು ಸಾಲು ತಿಂದಿತೆಂದು ಒಬ್ಬ ಲೆಕ್ಕ ಬರೆದಿದ್ದಾನೆ. ಒಬ್ಬಳು ಓತಿಕ್ಯಾತ ತಲೆ ಅಲ್ಲಾಡಿಸಿ ತನಗೆ ನಮಸ್ಕಾರ ಮಾಡಿತು ಎಂದು ಬರೆದು, ಕೆಳಗೆ ಬೇರೆ ಶಾಯಿಯಲ್ಲಿ ‘ಹೆಣ್ಣಿನ ಮುಂದೆ ಅಲ್ಲಾಡಿಸ್ತದ’ ಎಂದು ತಿದ್ದಿದ್ದಾಳೆ. ಕಳೆದ ಸಲ ನೋಡಿದಾಗ ಕೊನೆಯ ಪುಟದಲ್ಲಿ ಏಳನೆಯ ಇಯತ್ತೆಯವನೊಬ್ಬ, ತಮ್ಮ ಬಾವಿಯಲ್ಲಿ ನೀರಹಾವು ಕಪ್ಪೆಯನ್ನು ಹಿಂದಿನಿಂದ ನುಂಗುತ್ತಿತ್ತು, ಕಪ್ಪೆ ಕೂಗುತ್ತಲೇ ಇತ್ತು ಎಂದು ಬರೆದಿದ್ದ. ಪಕ್ಕದಲ್ಲಿ ಯಾರೋ ‘ಸುಳ್ಳು. ಹಾವು ತಲೆಯಿಂದ ನುಂಗತೈತಿ, ಪುಸ್ತಕದಾಗ ಐತಿ’ ಎಂದು ಕೆಂಪು ಪೆನ್ನಿನಲ್ಲಿ ಗೀಚಿದ್ದರು. ಅದರ ಕೆಳಗೆ ಮತ್ತೆ ಮೊದಲಿನ ಕೈಬರಹ: ‘ಯಾವ ಪುಸ್ತಕ? ಪುಟ ಹೇಳು. ಇಲ್ಲಾ ಐತವಾರ ನಮ್ಮ ಬಾವಿಗೆ ಬಾ.’